ಸಮವಸ್ತ್ರವಿಲ್ಲದ ಇಬ್ಬರು ಮಕ್ಕಳು

ಸ್ಟ್ರಾಸ್‌ಬರ್ಗ್ ಫ್ರಾನ್ಸಿನ ಪೂರ್ವದಂಚಿನ ಊರು. ರೈನ್ ನದಿಯ ಆಚೆ ದಡದಲ್ಲಿ ಜರ್ಮನಿಯ ಕೇಲ್ ಪಟ್ಟಣ. 2017ರಿಂದ ಈ ಎರಡರ ನಡುವೆ ಟ್ರಾಮ್ ಓಡುತ್ತಿದೆ. ಒಂದು ಶನಿವಾರ ಬೆಳಿಗ್ಗೆ ಅಮ್ಮ, ಹೆಂಡತಿ, ಮಗಳೊಂದಿಗೆ ಕೇಲ್‌ನಲ್ಲಿ ಟ್ರಾಮ್ ಹತ್ತಿದೆ. ಕೆಲವೇ ನಿಮಿಷಗಳಲ್ಲಿ ದೇಶ ಬದಲಾಯಿತು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ.

ಮೊದಲ ದಿನ ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಕೆಂಪು ಮರಳುಗಲ್ಲಿನ ಕೆಥೆಡ್ರಲ್‌ನ ಗೋಪುರ 142 ಮೀಟರ್ ಎತ್ತರ. 1647ರಿಂದ 1874ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ ಅದು. ಹಳೆಯ ಊರಿನ ಬೀದಿಫಲಕಗಳಲ್ಲಿ ಎರಡೆರಡು ಹೆಸರು. ಮೇಲೆ ಫ್ರೆಂಚ್, ಕೆಳಗೆ ಜರ್ಮನ್ ಬಳಗದ ಅಲ್ಸೇಷಿಯನ್. "ಒಂದೇ ಬೀದಿಗೆ ಎರಡು ಹೆಸರು ಯಾಕೆ?" ಎಂದು ಮಗಳು ಕೇಳಿದಳು.

ಉತ್ತರ ಹೇಳಬೇಕಾದರೆ 1681ಕ್ಕೆ ಹೋಗಬೇಕು. ಜರ್ಮನ್ ನುಡಿಯಾಡುತ್ತಿದ್ದ ಈ ಸ್ವತಂತ್ರ ನಗರವನ್ನು ಹದಿನಾಲ್ಕನೆಯ ಲೂಯಿ ಆ ವರ್ಷ ವಶಪಡಿಸಿಕೊಂಡ. 1870ರಲ್ಲಿ ಪ್ರಷ್ಯದ ಸೇನೆ ಊರಿಗೆ ಮುತ್ತಿಗೆ ಹಾಕಿತು. ಆಗಸ್ಟ್ 24ರ ರಾತ್ರಿ ಬಿದ್ದ ಗುಂಡುಗಳಿಗೆ ಇಲ್ಲಿನ ಗ್ರಂಥಾಲಯ ಸುಟ್ಟುಹೋಯಿತು. ಹನ್ನೆರಡನೆಯ ಶತಮಾನದ ಸಚಿತ್ರ ಹಸ್ತಪ್ರತಿ 'ಹೋರ್ಟುಸ್ ಡೆಲಿಸಿಯಾರುಮ್' ಕೂಡ ಬೂದಿಯಾಯಿತು. ಮರುವರ್ಷ ಊರು ಜರ್ಮನಿಗೆ ಸೇರಿತು. 1918ರಲ್ಲಿ ಮತ್ತೆ ಫ್ರಾನ್ಸ್, 1940ರಲ್ಲಿ ಹಿಟ್ಲರನ ಜರ್ಮನಿ, 1944ರ ನವೆಂಬರ್ 23ರಂದು ಪುನಃ ಫ್ರಾನ್ಸ್. 1869ರಲ್ಲಿ ಇಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬದುಕಿದವರು ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಸಲ ದೇಶ ಬದಲಿಸಿರುತ್ತಾರೆ. ಜನ ಇದ್ದಲ್ಲೇ ಇದ್ದರು, ಓಡಾಡಿದ್ದು ಗಡಿ.

ಪ್ರತಿ ಸಲವೂ ಹೊಸ ಒಡೆಯರು ನಾಲಿಗೆಯ ಮೇಲೆ ಕಣ್ಣಿಟ್ಟರು. ನಾಜಿಗಳು ಫ್ರೆಂಚ್ ಮಾತನ್ನು ನಿಷೇಧಿಸಿದರು. ಜನರ ಹೆಸರುಗಳನ್ನೂ ಜರ್ಮನ್ ಮಾಡಿದರು. ಯುದ್ಧ ಮುಗಿದ ಮೇಲೆ ಶಾಲೆಗಳಲ್ಲಿ ಅಲ್ಸೇಷಿಯನ್ ಆಡಿದ ಮಕ್ಕಳಿಗೆ ಶಿಕ್ಷೆಯಾಗತೊಡಗಿತು. ಫಲಕದ ಮೇಲೆ ಈಗ ಗೌರವದಿಂದ ಕೂತಿರುವ ಆ ಎರಡನೆಯ ಹೆಸರನ್ನು ಮನೆಮಾತಾಗಿ ಆಡುವ ಎಳೆಯರು ಇಂದು ಕಡಿಮೆ.

ಭಾನುವಾರ ರಿಪಬ್ಲಿಕ್ ಚೌಕಕ್ಕೆ ಹೋದೆವು. ಜರ್ಮನ್ನರು ಕಟ್ಟಿದಾಗ ಇದರ ಹೆಸರು ಕೈಸರ್ ಚೌಕ. ಸುಟ್ಟ ಗ್ರಂಥಾಲಯದ ಬದಲಿಗೆ ಅವರೇ ಕಟ್ಟಿಸಿದ ಭಾರಿ ಗ್ರಂಥಾಲಯವೂ ಇಲ್ಲೇ ಇದೆ. ನಡುವೆ ಒಂದು ಯುದ್ಧಸ್ಮಾರಕ, ಶಿಲ್ಪಿ ಲೆಯಾನ್ ಡ್ರಿವಿಯೇ, 1936. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ಹಿಡಿದು ಕೂತಿದ್ದಾಳೆ. ಒಬ್ಬ ಫ್ರಾನ್ಸಿಗಾಗಿ, ಇನ್ನೊಬ್ಬ ಜರ್ಮನಿಗಾಗಿ ಹೋರಾಡಿದವನು. ಮೊದಲ ಮಹಾಯುದ್ಧದಲ್ಲಿ ಅಲ್ಸೇಸ್-ಲೊರೇನ್‌ನ ಸುಮಾರು 3,80,000 ಮಂದಿ ಜರ್ಮನ್ ಸೇನೆಗೆ ಸೇರಬೇಕಾಯಿತು. ತಪ್ಪಿಸಿಕೊಂಡು ಫ್ರೆಂಚ್ ಸೇನೆ ಸೇರಿದವರೂ ಸಾವಿರಾರು.

"ಇವರಲ್ಲಿ ಯಾರು ಯಾವ ಕಡೆಯವನು?" ಎಂದು ಅಮ್ಮ ಕೇಳಿದಳು. ಗುರುತಿಸಲು ಆಗುವುದಿಲ್ಲ. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ಫ್ರಾನ್ಸಿನ ಹಳ್ಳಿಹಳ್ಳಿಯ ಸ್ಮಾರಕಗಳಲ್ಲಿ ಕಾಣುವ 'ಫ್ರಾನ್ಸಿಗಾಗಿ ಮಡಿದವರು' ಎಂಬ ಮಾತೂ ಇಲ್ಲಿಲ್ಲ. ಕಲ್ಲಿನ ಮೇಲಿರುವುದು 'ನಮ್ಮ ಮೃತರಿಗೆ' ಎಂದಷ್ಟೇ. ಯಾರ ಪರವಾಗಿ ಸತ್ತರೆಂದು ಬರೆದಿದ್ದರೆ ಊರಿನ ಅರ್ಧ ಮನೆಗಳ ಅಳು ಹೊರಗುಳಿಯುತ್ತಿತ್ತು.

ಈ ಸ್ಮಾರಕ ನಿಂತ ಆರೇ ವರ್ಷಕ್ಕೆ, 1942ರಲ್ಲಿ, ಅಲ್ಸೇಸ್ ಮತ್ತು ಮೊಸೆಲ್‌ನ ಯುವಕರನ್ನು ನಾಜಿಗಳು ಬಲವಂತವಾಗಿ ಸೇನೆಗೆ ಎಳೆದರು. ಒಟ್ಟು ಸುಮಾರು 1,30,000 ಜನ. ಹೆಚ್ಚಿನವರನ್ನು ರಷ್ಯಾದ ರಣರಂಗಕ್ಕೆ ಕಳಿಸಿದರು. ಸಾವಿರಾರು ಮಂದಿ ಮರಳಲೇ ಇಲ್ಲ. ಬದುಕಿ ಬಂದವರನ್ನು ಫ್ರಾನ್ಸಿನಲ್ಲಿ ಅನುಮಾನದಿಂದ ನೋಡಿದವರಿದ್ದರು. ಅವರಿಗೆ ಉಳಿದ ಹೆಸರು 'ಮಾಲ್‌ಗ್ರೇ-ನೂ', ಅಂದರೆ 'ನಮ್ಮ ಇಚ್ಛೆಗೆ ವಿರುದ್ಧವಾಗಿ'.

1949ರಲ್ಲಿ ಯುರೋಪ್ ಪರಿಷತ್ತಿಗೆ ನೆಲೆ ಹುಡುಕಿದಾಗ ಆರಿಸಿದ್ದು ಇದೇ ಊರನ್ನು. ಇಂದು ಯುರೋಪಿಯನ್ ಪಾರ್ಲಿಮೆಂಟ್ ಕೂಡ ಇಲ್ಲಿ ಸೇರುತ್ತದೆ. ಆ ಗಾಜಿನ ಕಟ್ಟಡದೊಳಗೆ ಒಪ್ಪಂದಗಳು, ತಿದ್ದುಪಡಿಗಳು ಪುಟಗಟ್ಟಲೆ ಇರಬಹುದು. ಅವೆಲ್ಲದರ ಮುನ್ನುಡಿಯನ್ನು ಈ ಊರು 1936ರಲ್ಲೇ ಕೆಲವೇ ಪದಗಳಲ್ಲಿ ಬರೆದಿಟ್ಟಿತ್ತು.