ಚೀನಾದ ದರ್ಬಾರಿನಲ್ಲಿ ಮಾತನಾಡಿದ ಬಾಲಕ

ಮಂಗಳೂರು ಒಪ್ಪಂದದ ಬಗ್ಗೆ ಶಾಲೆಯ ಪಾಠದಲ್ಲಿ ನೀವು ಓದಿರುತ್ತೀರಿ. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನರಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ನಡುವೆ ಆದ ಈ ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಮುಗಿಯಿತು. ಆಗ ಮದರಾಸಿನ ಗವರ್ನರ್ ಆಗಿದ್ದವರು ಲಾರ್ಡ್ ಮೆಕಾರ್ಟ್ನಿ. ಸಂಧಾನಕ್ಕೆ ಅವರು ಕಳುಹಿಸಿದ ಮೂವರಲ್ಲಿ ಜಾರ್ಜ್ ಸ್ಟಾಂಟನ್ ಒಬ್ಬರು. ಇದೇ ಇಬ್ಬರು 1792ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬಂದರಿನಿಂದ ಚೀನಾಕ್ಕೆ ಹಡಗು ಹತ್ತಿದರು. ಮೆಕಾರ್ಟ್ನಿ ರಾಯಭಾರಿ, ಸ್ಟಾಂಟನ್ ಕಾರ್ಯದರ್ಶಿ. ಜೊತೆಗೆ ಸ್ಟಾಂಟನರ ಮಗ ಥಾಮಸ್, ಹನ್ನೊಂದು ವರ್ಷದ ಬಾಲಕ.

ಚೀನಾದ ಚಹಾಕ್ಕೆ ಇಂಗ್ಲೆಂಡ್ ಮಾರುಹೋಗಿದ್ದ ಕಾಲವದು. ಆದರೆ 1757ರಿಂದ ಯುರೋಪಿನ ವ್ಯಾಪಾರಿಗಳಿಗೆ ಕ್ಯಾಂಟನ್ ಬಂದರೊಂದನ್ನು ಬಿಟ್ಟು ಬೇರೆಡೆ ವ್ಯಾಪಾರಕ್ಕೆ ಅವಕಾಶವಿರಲಿಲ್ಲ. ಚಹಾಕ್ಕೆ ಬೆಳ್ಳಿಯನ್ನೇ ತೆರಬೇಕಿತ್ತು. ಇನ್ನಷ್ಟು ಬಂದರುಗಳು ತೆರೆಯಬೇಕು, ಬೀಜಿಂಗಿನಲ್ಲಿ ತಮ್ಮ ಪ್ರತಿನಿಧಿಯೊಬ್ಬ ಇರಬೇಕು ಎಂಬುದು ಇಂಗ್ಲಿಷರ ಬೇಡಿಕೆ. ಆದರೆ ಅದನ್ನು ಚೀನೀ ಭಾಷೆಯಲ್ಲಿ ಹೇಳುವವರು ಯಾರು?

ನಿಮಗೆ ಆಶ್ಚರ್ಯವಾಗಬಹುದು, ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಚೀನೀ ಬಲ್ಲ ಒಬ್ಬ ತಕ್ಕ ಇಂಗ್ಲಿಷ್ ದುಭಾಷಿಯೂ ಸಿಗಲಿಲ್ಲ. ಹಿಂದೆ ಜೇಮ್ಸ್ ಫ್ಲಿಂಟ್ ಎಂಬ ಕಂಪೆನಿ ನೌಕರ ಆ ಭಾಷೆ ಕಲಿತಿದ್ದ. 1759ರಲ್ಲಿ ಆತ ವ್ಯಾಪಾರಿಗಳ ದೂರನ್ನು ಚೀನೀ ಭಾಷೆಯಲ್ಲಿ ಬರೆಸಿ ಟಿಯಾಂಜಿನ್‌ವರೆಗೆ ಒಯ್ದ. ಇದಕ್ಕಾಗಿ ಮೂರು ವರ್ಷ ಬಂಧನದಲ್ಲಿರಬೇಕಾಯಿತು. ದೂರು ಬರೆಯಲು ನೆರವಾದ ಚೀನೀಯನ ತಲೆಯನ್ನೇ ಕಡಿಯಲಾಯಿತು. ಆ ಬಳಿಕ ವಿದೇಶಿಯರಿಗೆ ಭಾಷೆ ಕಲಿಸಲು ಯಾರಿಗೆ ತಾನೇ ಧೈರ್ಯ ಬಂದೀತು? ಹಾಗೆಂದು ಚೀನಾಕ್ಕೆ ಪರಭಾಷೆಗಳ ಅರಿವೇ ಇರಲಿಲ್ಲವೆಂದಲ್ಲ. ಹದಿನೈದನೆಯ ಶತಮಾನದಲ್ಲಿ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ನೌಕಾಧಿಪತಿ ಝೆಂಗ್ ಹೆ ಕಲ್ಲಿಕೋಟೆಗೂ ಅರಬಸ್ತಾನದ ಕಡೆಗೂ ಹಡಗು ನಡೆಸಿದಾಗ, ಅವನಿಗೆ ದುಭಾಷಿಯಾಗಿದ್ದ ಮಾ ಹುವಾನ್ ಕೂಡ ಮುಸ್ಲಿಮನೇ.

ಕೊನೆಗೆ ಸ್ಟಾಂಟನ್ ಇಟಲಿಯ ನೇಪಲ್ಸ್‌ಗೆ ಹೋಗಿ, ಅಲ್ಲಿ ಪಾದ್ರಿಗಳಾಗಿ ಕಲಿತಿದ್ದ ಇಬ್ಬರು ಚೀನೀಯರನ್ನು ಕರೆತಂದರು. ಅವರಿಗೆ ಲ್ಯಾಟಿನ್ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಮಾತು ಮೊದಲು ಲ್ಯಾಟಿನ್ ಆಗಿ, ಆಮೇಲೆ ಚೀನೀ ಆಗಬೇಕು! ಮಕಾವ್ ತಲುಪುತ್ತಲೇ ಒಬ್ಬ ಜೀವಭಯದಿಂದ ಇಳಿದುಹೋದ. ಉಳಿದವನು ಲಿ ಝೀಬಿಯಾವೋ. ಆತ ಇಂಗ್ಲಿಷ್ ಸಮವಸ್ತ್ರ ತೊಟ್ಟು, ಸೊಂಟಕ್ಕೆ ಖಡ್ಗ ಕಟ್ಟಿ, ‘ಮಿಸ್ಟರ್ ಪ್ಲಮ್’ ಎಂಬ ಹೆಸರಿನಲ್ಲಿ ಮುಂದುವರಿದ. ಲಿ ಎಂದರೆ ಚೀನೀಯಲ್ಲಿ ಪ್ಲಮ್ ಹಣ್ಣು. ಸಿಕ್ಕಿಬಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

ಇನ್ನು ಚಿಕ್ಕ ಥಾಮಸ್. ಹಡಗಿನ ದೀರ್ಘ ಪ್ರಯಾಣದಲ್ಲಿ ಈ ಇಬ್ಬರ ಬಳಿ ಕುಳಿತು ಆತ ಚೀನೀ ಕಲಿತ. ಮಾತಷ್ಟೇ ಅಲ್ಲ, ಅಕ್ಷರ ಬರೆಯುವುದನ್ನೂ ಕಲಿತ. ರಾಯಭಾರ ಕಚೇರಿಯ ಚೀನೀ ಪತ್ರಗಳನ್ನು ನಕಲು ಮಾಡುವ ಕೆಲಸವೂ ಈ ಬಾಲಕನ ಪಾಲಿಗೆ ಬಂತು.

1793ರ ಸೆಪ್ಟೆಂಬರ್ 14ರಂದು ಜೆಹೋಲ್ ಎಂಬಲ್ಲಿ ಚಕ್ರವರ್ತಿ ಚಿಯೆನ್‌ಲುಂಗ್ ಅವರನ್ನು ಬರಮಾಡಿಕೊಂಡ. ಆತನಿಗೆ ಆಗ ಎಂಬತ್ತು ದಾಟಿತ್ತು. ಮೂರು ಬಾರಿ ಮಂಡಿಯೂರಿ ಒಂಬತ್ತು ಬಾರಿ ಹಣೆಯನ್ನು ನೆಲಕ್ಕೆ ತಾಗಿಸುವ ಅಲ್ಲಿನ ಪದ್ಧತಿಗೆ ಮೆಕಾರ್ಟ್ನಿ ಒಪ್ಪದೆ, ಒಂದೇ ಮಂಡಿಯೂರಿದ್ದನ್ನು ಇತಿಹಾಸ ಪುಸ್ತಕಗಳು ವಿಸ್ತಾರವಾಗಿ ವರ್ಣಿಸುತ್ತವೆ. ಅದಕ್ಕಿಂತ ಗಮನಾರ್ಹವಾದದ್ದು ನನ್ನ ದೃಷ್ಟಿಯಲ್ಲಿ ಬೇರೆ ಇದೆ. ಬಂದವರಲ್ಲಿ ನಮ್ಮ ಭಾಷೆ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಚಕ್ರವರ್ತಿ ವಿಚಾರಿಸಿದ. ಮುಂದೆ ಬಂದವನು ಹನ್ನೆರಡು ತುಂಬಿದ್ದ ಥಾಮಸ್. ಅವನ ಮಾತಿಗೆ ಮೆಚ್ಚಿದ ವೃದ್ಧ ದೊರೆ ತನ್ನ ಸೊಂಟದಲ್ಲಿ ತೂಗುತ್ತಿದ್ದ ಅಡಿಕೆ ಸಂಚಿಯನ್ನೇ ಬಿಚ್ಚಿ ಕೊಟ್ಟ!

ಬೇಡಿಕೆಗಳಲ್ಲಿ ಮಾತ್ರ ಒಂದೂ ಈಡೇರಲಿಲ್ಲ. ರಾಯಭಾರಿಯ ದೋಣಿಗಳ ಮೇಲೆ ಚೀನೀಯರು ಹಾರಿಸಿದ್ದ ಬಾವುಟಗಳಲ್ಲಿ, ಈತ ಇಂಗ್ಲೆಂಡಿನಿಂದ ಕಪ್ಪ ತರುತ್ತಿರುವವನು ಎಂದೇ ಬರೆದಿತ್ತು. ನಮಗೆ ನಿಮ್ಮ ಸರಕುಗಳ ಅಗತ್ಯವಿಲ್ಲ ಎಂಬ ಭಾವದ ಚಕ್ರವರ್ತಿಯ ಉತ್ತರವನ್ನು ಲ್ಯಾಟಿನ್‌ಗೆ ತಿರುಗಿಸಿದ ಫ್ರೆಂಚ್ ಪಾದ್ರಿಗಳು ಅದರ ಖಾರವನ್ನು ಸಾಕಷ್ಟು ತಗ್ಗಿಸಿಬಿಟ್ಟರು. ಕ್ರೈಸ್ತ ಧರ್ಮ ಪ್ರಚಾರಕ್ಕೆ ಅನುಮತಿ ಇಲ್ಲವೆಂದೂ ಆ ಉತ್ತರದಲ್ಲಿತ್ತು. ನಾನು ಅದನ್ನು ಕೇಳಿಯೇ ಇರಲಿಲ್ಲವಲ್ಲ ಎಂದು ಮೆಕಾರ್ಟ್ನಿ ಬೆರಗಾದರು. ಆ ಬೇಡಿಕೆಯನ್ನು ಮುಂದಿಟ್ಟವನು ದುಭಾಷಿ ಲಿಯೇ ಎಂಬುದು ಇತ್ತೀಚಿನ ಇತಿಹಾಸಕಾರರ ಅಭಿಪ್ರಾಯ. ಎರಡು ಸಾಮ್ರಾಜ್ಯಗಳ ಮಾತು ಒಬ್ಬ ಬಡ ಪಾದ್ರಿಯ ನಾಲಿಗೆಯ ಮೇಲೆ ನಿಂತಿತ್ತೆಂದರೆ ನೀವೇ ಯೋಚಿಸಿ. ಲಿ ಮುಂದೆ ಶಾನ್ಸಿ ಪ್ರಾಂತದಲ್ಲಿ ತಲೆಮರೆಸಿಕೊಂಡು ಬಾಳಿ 1828ರಲ್ಲಿ ತೀರಿಕೊಂಡ.

ಥಾಮಸ್ ಸ್ಟಾಂಟನ್ ದೊಡ್ಡವನಾಗಿ ಕ್ಯಾಂಟನ್‌ನಲ್ಲಿ ಕಂಪೆನಿಯ ನೌಕರಿಗೆ ಸೇರಿದರು. 1810ರಲ್ಲಿ ಚೀನಾದ ಕಾನೂನು ಸಂಹಿತೆಯನ್ನು ಇಂಗ್ಲಿಷಿಗೆ ಅನುವಾದಿಸಿದರು. ಚೀನೀಯರಿಗೆ ಕಾನೂನೆಂಬುದೇ ಇಲ್ಲವೆಂದು ತಿಳಿದಿದ್ದವರಿಗೆ ಈ ಗ್ರಂಥವೇ ಉತ್ತರವಾಗಿತ್ತು. ಅಷ್ಟರಲ್ಲಿ ಕಂಪೆನಿ ಚಹಾದ ಬೆಲೆ ತೆರಲು ಬೆಳ್ಳಿಗೆ ಬದಲು ಬೇರೊಂದು ದಾರಿ ಕಂಡುಕೊಂಡಿತ್ತು. ಅದು ನಮ್ಮ ಬಿಹಾರ, ಬಂಗಾಳದ ರೈತರಿಂದ ಬೆಳೆಸಿದ ಅಫೀಮು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಶು ಅದನ್ನು ವಶಪಡಿಸಿಕೊಂಡು ನಾಶ ಮಾಡಿದಾಗ, ಯುದ್ಧ ಹೂಡಬೇಕೇ ಎಂಬ ಚರ್ಚೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಡೆಯಿತು. 1840ರ ಏಪ್ರಿಲ್ ತಿಂಗಳ ಆ ಚರ್ಚೆಯಲ್ಲಿ ಚೀನೀ ಬಲ್ಲ ಸದಸ್ಯರಾದ ಸರ್ ಥಾಮಸ್ ಸ್ಟಾಂಟನ್ ಎದ್ದುನಿಂತು ಯುದ್ಧದ ಪರವಾಗಿ ಮಾತನಾಡಿದರು.

1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಇಂಗ್ಲಿಷರ ಪಾಲಾಯಿತು, ಐದು ಬಂದರುಗಳು ತೆರೆದವು. ಅವುಗಳಲ್ಲಿ ನಿಂಗ್ಬೋ ಕೂಡ ಒಂದು, 1793ರಲ್ಲಿ ಮೆಕಾರ್ಟ್ನಿ ಬೇಡಿ ಪಡೆಯಲಾಗದ ಬಂದರು.