ದೋಣಿಗೊಂದು ಮಳೆಗಾಲದ ಸೂರು

ಮೃಗಶಿರ ಮಳೆ ಹಿಡಿಯುವ ಮೊದಲೇ ಕರಾವಳಿಯ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಮುಗಿದಿರಬೇಕು. ಕಟ್ಟಿಗೆ ಒಳಗೆ ಸೇರಿರಬೇಕು, ಒಡೆದ ಹೆಂಚು ಬದಲಾಗಿರಬೇಕು, ಪಡುವಣ ಗೋಡೆಗೆ ಇರಚಲು ಬಡಿಯದಂತೆ ತಟ್ಟಿ ಕಟ್ಟಿರಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮೀನುಗಾರರ ಕೇರಿಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಕೆಲಸವಿದೆ. ಅದು ದೋಣಿಯನ್ನು ದಡಕ್ಕೆಳೆದು ಅದಕ್ಕೊಂದು ಮಾಡು ಕಟ್ಟುವುದು.

ಹುಟ್ಟಿದಂದಿನಿಂದ ನೀರಿನಲ್ಲೇ ಬದುಕುವ ದೋಣಿಗೆ ಮಳೆಯ ಭಯವೇಕೆ ಎಂದು ಯಾರಿಗಾದರೂ ಅನ್ನಿಸೀತು. ಇದಕ್ಕೆ ಉತ್ತರ ನೀರಿನ ರುಚಿಯಲ್ಲಿದೆ. ಸಮುದ್ರದ ನೀರು ಉಪ್ಪು. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಉಪ್ಪು ಒಗ್ಗುವುದಿಲ್ಲ. ಮಳೆಯ ನೀರು ಸಿಹಿ. ಅದು ಹಲಗೆಗಳ ಸಂದಿಯಲ್ಲಿ, ಮೊಳೆಯ ಬುಡದಲ್ಲಿ ನಿಂತು ಉಪ್ಪನ್ನು ತೊಳೆದು ಹಾಕುತ್ತದೆ. ಬಳಿಕ ಮರ ಒಳಗಿಂದೊಳಗೇ ಮೆತ್ತಗಾಗುತ್ತದೆ. ಮರದ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಶಿಲೀಂಧ್ರ ಬೆಳೆಯಲಾರದು. ನಮ್ಮ ಕರಾವಳಿಯ ಆಷಾಢದಲ್ಲಿ ತೆರೆದಿಟ್ಟ ಮರ ಆ ಮಟ್ಟಕ್ಕೆ ಒಣಗುವುದು ಅಸಾಧ್ಯ. ಹೊನ್ನಾವರದ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಹತ್ತು ಮೀಟರ್ ಉದ್ದ, ಎರಡು ಮೀಟರ್ ಅಗಲದಷ್ಟು ಜಾಗದ ಮೇಲೆ ಅಷ್ಟು ಮಳೆ ಸುರಿದರೆ 60,000 ಲೀಟರ್ ನೀರಾಯಿತು. ಹೊದಿಕೆಯಿಲ್ಲದ ಒಂದು ಸಾಧಾರಣ ದೋಣಿಯ ಮೇಲೆ ಒಂದು ವರ್ಷದಲ್ಲಿ ಬೀಳುವ ಹೊರೆ ಇದು.

ಹಾಗೆಂದು ದೋಣಿಯನ್ನು ಅಳಿವೆಯ ನೀರಿನಲ್ಲೇ ಬಿಡುವಂತೆಯೂ ಇಲ್ಲ. ಅಲ್ಲಿ ಮರ ಕೊರೆಯುವ ಹಡಗುಹುಳುವಿನ ಕಾಟ. ದಡಕ್ಕೇರಿಸಿ ಒಣಗಿಸಿದರೆ ಆ ಹುಳು ಸಾಯುತ್ತದೆ. ಹೀಗೆ ಹುಳುವಿಗೆ ಹೆದರಿ ದಡಕ್ಕೆ ಬಂದ ದೋಣಿ ಅಲ್ಲಿ ಮಳೆಗೆ ಹೆದರಬೇಕು. ಈ ಇಕ್ಕಟ್ಟಿನಿಂದಲೇ ದೋಣಿಯ ಹೊದಿಕೆ ಹುಟ್ಟಿಕೊಂಡಿತು.

ಮಳೆಗಾಲದಲ್ಲಿ ಕಡಲು ಮುಚ್ಚುವುದು ಇಲ್ಲಿ ಬಹಳ ಹಳೆಯ ಕಥೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಮಳೆಗಾಲದ ನಾಲ್ಕು ತಿಂಗಳು ಇಲ್ಲಿನ ಅಳಿವೆ ಉಕ್ಕೇರುವುದರಿಂದ ಮೀನು ಹಿಡಿಯುವವರ ಹೊರತು ಬೇರಾರೂ ಅದರಲ್ಲಿ ಸಂಚರಿಸಲಾರರು ಎಂದು ಬರೆದಿಟ್ಟಿದ್ದಾನೆ. ಭಾರತ ಮತ್ತು ಯೆಮನ್‌ಗಳ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂಬುದನ್ನೂ ಅವನು ವಿವರಿಸಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವನು ಕೊಡುವ ಕಾರಣ. ನಮ್ಮ ಕರಾವಳಿಯ ರಂಪಣಿ ದೋಣಿಗಳಲ್ಲಿ ಈ ಹೊಲಿಗೆಯ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ಉಳಿದು ಬಂದಿತ್ತು. ನಾರಿನ ಹುರಿ ಉಪ್ಪುನೀರಿಗೆ ಚೆನ್ನಾಗಿ ತಾಳುತ್ತದೆ. ಆದರೆ ಮಳೆಯ ನೀರು ನಿಂತಲ್ಲಿ ಅದೂ ಮರದಂತೆ ಕೊಳೆಯುತ್ತದೆ. ಹೊಲಿದ ದೋಣಿಗೆ ಮಳೆಗಾಲದ ಸೂರು ಇನ್ನಷ್ಟು ಅಗತ್ಯವಾಗಿತ್ತು.

ವ್ಯಾಪಾರವೂ ಇದೇ ಋತುಚಕ್ರಕ್ಕೆ ತಲೆಬಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯಿಂದ ಹಡಗು ಹತ್ತುತ್ತಿತ್ತು. ಹತ್ತಿ ಬೆಳೆದದ್ದು ಬಯಲುಸೀಮೆಯಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಭಾರತದ ಹತ್ತಿಗೆ ಬೇಡಿಕೆ ಏರಿತು. ಆದರೆ ಬೆಲೆ ಎಷ್ಟೇ ಇದ್ದರೂ ಹಾಯಿಯ ಹಡಗುಗಳು ಮುಂಗಾರಿನ ಕಡಲಿಗೆ ಇಳಿಯುವಂತಿರಲಿಲ್ಲ. ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಬಳಿಕವೇ ಕಡಲು ಮತ್ತೆ ತೆರೆಯಿತೆಂದು ಲೆಕ್ಕ. ಆ ತನಕ ಹಡಗು, ಮಚವೆ, ದೋಣಿಗಳೆಲ್ಲ ಕಾಯಬೇಕು. ಕಾಯುವಾಗ ಕೆಡದಂತೆ ನೋಡಿಕೊಳ್ಳುವುದು ಒಡೆಯನ ಜವಾಬ್ದಾರಿ.

ಹಳೆಯ ಹೊದಿಕೆ ತೋಟದಿಂದಲೇ ಬರುತ್ತಿತ್ತು. ತೆಂಗಿನ ಗರಿಯನ್ನು ಸೀಳಿ, ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹೆಣೆದರೆ ಮಡಲು ಸಿದ್ಧ. ಈ ಹೆಣಿಗೆ ಹೆಚ್ಚಾಗಿ ಹೆಂಗಸರ ಕೈಕೆಲಸ. ಅಡಿಕೆ ತೋಟ ಹತ್ತಿರವಿದ್ದಲ್ಲಿ ಸೋಗೆಯೂ ಒದಗುತ್ತಿತ್ತು. ದೋಣಿಯನ್ನು ದಿಮ್ಮಿಗಳ ಮೇಲೆ ಏರಿಸಿ, ಮೈಗೆ ಮೀನೆಣ್ಣೆಯನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ಬಳಿದು, ಮೇಲೆ ಬಿದಿರಿನ ಗಳ ಕಟ್ಟಿ, ಎರಡೂ ಕಡೆ ಇಳಿಜಾರಾಗಿ ಮಡಲು ಹೊದಿಸಿದರೆ ಅದೊಂದು ಪುಟ್ಟ ಮನೆ. ಬಡವರ ಗುಡಿಸಲಿನ ಮಾಡಿಗೂ ದೋಣಿಯ ಮಾಡಿಗೂ ವ್ಯತ್ಯಾಸವೇನೂ ಇರಲಿಲ್ಲ.

ಮಡಲಿನ ನಿಜವಾದ ಗುಣ ನೀರು ತಡೆಯುವುದಷ್ಟೇ ಅಲ್ಲ, ಗಾಳಿ ಬಿಡುವುದು. ಒಂದರ ಮೇಲೊಂದು ಕೂತ ಗರಿಗಳು ಹನಿಯನ್ನು ಜಾರಿಸುತ್ತವೆ. ಆದರೆ ಒಳಗಿನ ತೇವ ಅವುಗಳ ಸಂದಿಯಿಂದ ಹೊರಗೆ ಹೋಗುತ್ತದೆ. ಮಳೆಗಾಲ ಕಳೆದ ಮೇಲೆ ಅದೇ ಮಡಲು ಒಲೆಗೋ ಗೊಬ್ಬರದ ಗುಂಡಿಗೋ ಸೇರುತ್ತಿತ್ತು.

ಬಳಿಕ ಕಾಲ ಬದಲಾಯಿತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ರಂಪಣಿ ಹಿಂದೆ ಸರಿಯಿತು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಈಗ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕಡಲಿಗೆ ಇಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಕಡಲು ಒಪ್ಪಿದ ದಿನ ಮಾತ್ರ ಅವುಗಳ ಕೆಲಸ. ಹಿಂದೆ ಕಡಲೇ ಹಾಕುತ್ತಿದ್ದ ಬೀಗಕ್ಕೆ ಈಗ ಕಾನೂನಿನ ಮುದ್ರೆಯೂ ಬಿದ್ದಿದೆ.

ಹೊದಿಕೆಯೂ ಬದಲಾಯಿತು. ತಾಡಪಾಲು ಮೂಲತಃ ನಾವಿಕರದೇ ವಸ್ತು. ಹಾಯಿಬಟ್ಟೆಗೆ ಟಾರು ಬಳಿದು ಹಡಗಿನ ಸರಕಿಗೆ ಹೊದಿಸುತ್ತಿದ್ದುದರಿಂದಲೇ ಇಂಗ್ಲಿಷಿನಲ್ಲಿ ಅದಕ್ಕೆ ಟಾರ್ಪಾಲಿನ್ ಎಂಬ ಹೆಸರು ಬಂತೆನ್ನುತ್ತಾರೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಥೀನ್ ಆ ಬಟ್ಟೆಯ ಜಾಗವನ್ನು ಆಕ್ರಮಿಸಿತು. ಹಗುರ, ಅಗ್ಗ, ಒಂದು ಹನಿಯೂ ಸೋರದು. ಮಡಲು ಹೆಣೆಯುವ ಕೈಗಳು ಕಡಿಮೆಯಾದ ಹೊತ್ತಿಗೆ ಅದು ವರವಾಗಿಯೇ ಬಂತು.

ಆದರೆ ಸೋರದ ಹೊದಿಕೆಯಲ್ಲೇ ಒಂದು ಅಪಾಯವಿದೆ. ಪ್ಲಾಸ್ಟಿಕ್ಕನ್ನು ದೋಣಿಯ ಮೈಗೆ ಬಿಗಿದು ಸುತ್ತಿದರೆ ಒಳಗಿನ ತೇವಕ್ಕೆ ದಾರಿಯಿಲ್ಲ. ರಾತ್ರಿ ತಂಪಾದಾಗ ಹಾಳೆಯ ಒಳಮೈ ಬೆವರಿ ಹನಿ ಮರದ ಮೇಲೆ ಬೀಳುತ್ತದೆ, ಹೊಳವಾದ ದಿನ ಒಳಗೆ ಸೆಕೆ ಏರುತ್ತದೆ. ಶಿಲೀಂಧ್ರಕ್ಕೆ ಇದಕ್ಕಿಂತ ಹಿತವಾದ ಜಾಗ ಇನ್ನೊಂದಿಲ್ಲ. ಹೊರಗಿನ ಮಳೆಯಿಂದ ಉಳಿದ ದೋಣಿ ಒಳಗಿನ ಬೆವರಿನಿಂದ ಕೆಡುತ್ತದೆ. ಕೆಟ್ಟ ಹಲಗೆ ಕೆಲವೊಮ್ಮೆ ಹೊರಗಿನಿಂದ ಕಾಣುವುದೂ ಇಲ್ಲ. ಅದು ಬಾಯ್ಬಿಡುವುದು ನಡುಗಡಲಿನಲ್ಲಿ, ಅಲೆಯ ಹೊಡೆತಕ್ಕೆ.

ಆದ್ದರಿಂದ ಹೊದಿಕೆ ಯಾವುದೇ ಇರಲಿ, ಕಟ್ಟುವ ರೀತಿ ಮಾತ್ರ ಹಳೆಯದೇ ಇರಬೇಕು. ನಡುವೆ ಎತ್ತರದ ಗಳ, ಎರಡು ಬದಿಗೆ ಇಳಿಜಾರು, ತಲೆ ಬಾಲಗಳಲ್ಲಿ ಗಾಳಿಯಾಡುವ ಕಂಡಿ. ಹಾಳೆ ದೋಣಿಗೆ ತಾಗಬಾರದು. ಹಗ್ಗವನ್ನು ನೆಲದ ಗೂಟಕ್ಕೆ ಕಟ್ಟಬೇಕು. ಗಾಳಿಗೆ ಉಜ್ಜಿ ಹರಿಯುವ ಮೂಲೆಗಳಿಗೆ ಹಳೆಯ ಬಟ್ಟೆ ಸುತ್ತಬೇಕು. ದೋಣಿಯನ್ನು ಒಂದು ಕಡೆಗೆ ತುಸು ವಾಲಿಸಿ, ಒಳಗೆ ಸೇರಿದ ನೀರು ಹರಿದು ಹೋಗಲು ತಳದ ಬಿರಡೆ ತೆಗೆದಿಡಬೇಕು. ಗೆದ್ದಲು ಹತ್ತದಂತೆ ದಿಮ್ಮಿಯ ಕೆಳಗೆ ಕಲ್ಲಿರಬೇಕು. ಹೊಳವಾದ ದಿನ ಹೊದಿಕೆ ಸರಿಸಿ ಗಾಳಿ ಬಿಸಿಲು ತೋರಿಸಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗುವುದರಿಂದ ಮಳೆಗಾಲ ಮುಗಿದೊಡನೆ ತೊಳೆದು, ಒಣಗಿಸಿ, ಮಡಚಿ ನೆರಳಿಗಿಡಬೇಕು. ಹರಿದ ಚೂರುಗಳು ಕಡಲು ಸೇರಿದರೆ ನಾಳೆ ಬಲೆಗೆ ಬರುವುದು ಅವೇ.

ಫೈಬರ್ ದೋಣಿಗಳಿಗೆ ಇದೆಲ್ಲ ಬೇಡವೆಂದು ತಿಳಿಯುವವರಿದ್ದಾರೆ. ಫೈಬರ್ ಮರದಂತೆ ಕೊಳೆಯದು ನಿಜ. ಆದರೆ ಬಿಸಿಲಿಗೆ ಅದರ ಹೊರಪದರ ಮಂಕಾಗಿ ಬಿರುಕು ಬಿಡುತ್ತದೆ, ಒಳಗೆ ಪ್ಲೈವುಡ್ ಅಥವಾ ಮರದ ಪಟ್ಟಿ ಇದ್ದರೆ ಬಿರುಕಿನಿಂದಿಳಿದ ನೀರು ಅದನ್ನು ಕೊಳೆಸುತ್ತದೆ. ಅದಕ್ಕೂ ಸೂರು ಬೇಕು.

ಇಷ್ಟಾದರೂ ಕೊನೆಗೆ ಉಳಿಯುವ ಪ್ರಶ್ನೆ ಜಾಗದ್ದು. ಸೂರು ಕಟ್ಟಲು ಮೊದಲು ನೆಲ ಬೇಕಲ್ಲ? ಕಡಲ್ಕೊರೆತ ತಡೆಯಲು ಕಲ್ಲಿನ ಗೋಡೆ ಎದ್ದಲ್ಲಿ ದೋಣಿ ಎಳೆಯುವ ಮರಳ ದಂಡೆ ಇಲ್ಲವಾಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವಿರೋಧಿಸಿದಾಗ ಅವರು ಕೇಳಿದ್ದು ಬದುಕಿನ ಜಾಗವನ್ನು. ದೋಣಿ ನಿಲ್ಲಿಸುವ, ಬಲೆ ಹರಡುವ, ಮೀನು ಒಣಗಿಸುವ ದಂಡೆ ಯಾರ ಖಾತೆಯಲ್ಲಿದ್ದರೂ ತಲೆಮಾರುಗಳಿಂದ ಅದು ಬಳಕೆಯ ನೆಲ. ಅದು ಕೈಬಿಟ್ಟರೆ ಮಡಲೂ ಉಪಯೋಗಕ್ಕಿಲ್ಲ, ತಾಡಪಾಲೂ ಉಪಯೋಗಕ್ಕಿಲ್ಲ. ಮಳೆಗಾಲದಲ್ಲಿ ದಂಡೆಯ ಮೇಲೆ ಮಾಡು ಹೊದ್ದು ನಿಂತ ದೋಣಿ ಕೆಲಸವಿಲ್ಲದೆ ಬಿದ್ದಿರುವ ವಸ್ತುವಲ್ಲ. ಒಂದು ಮನೆಯ ಮುಂದಿನ ಹತ್ತು ತಿಂಗಳ ಅನ್ನ ಅದರ ಹಲಗೆಗಳಲ್ಲಿದೆ.