ಎಟ್ಟಯಪುರದಿಂದ ಬಂದ ಪುಸ್ತಕ

ವೀಣೆ ಕಲಿಯಲು ಬರುವವರು ವರ್ಣಗಳು ಮುಗಿದು ಕೃತಿಗಳಿಗೆ ಬಂದ ಮೇಲೆ ತಪ್ಪದೆ ಕೇಳುತ್ತಾರೆ: ‘ಮೇಡಂ, ಮನೇಲಿ ಇಟ್ಕೊಂಡು ನೋಡೋಕೆ ಒಳ್ಳೇ ಪುಸ್ತಕ ಯಾವುದು?’ ನಾನು ಹೇಳುವುದು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’. 1904ರಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದ, ಸಾವಿರಕ್ಕೂ ಬಹಳ ಮೀರಿದ ಪುಟಗಳ ಗ್ರಂಥ ಅದು. ಅದು ಹುಟ್ಟಿದ ಬಗೆಯನ್ನೂ ಜೊತೆಗೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಯಾರೂ ಅದನ್ನು ಬಿಡಿಸಿ ನೋಡುವುದಿಲ್ಲ.

ಅದಕ್ಕೂ ಮೊದಲು ಪುಸ್ತಕಗಳಿದ್ದವು. ಮದರಾಸಿನಲ್ಲಿ ತಚ್ಚೂರು ಸಿಂಗರಾಚಾರ್ಯ ಸಹೋದರರು ಸ್ವರಸಾಹಿತ್ಯವನ್ನು ಅಚ್ಚು ಹಾಕಿಸಿ ಕಲಿಯುವವರಿಗೆ ದೊಡ್ಡ ಉಪಕಾರ ಮಾಡಿದ್ದರು. ಆದರೆ ಸ್ವರವನ್ನು ಎಷ್ಟು ಅಲುಗಿಸಬೇಕು, ತಂತಿಯನ್ನು ಎಲ್ಲಿ ಎಳೆಯಬೇಕು ಎಂಬುದು ಗುರುವಿನ ಬೆರಳಲ್ಲೇ ಉಳಿದಿತ್ತು.

ಮದರಾಸು ಸೆಕ್ರೆಟೇರಿಯಟ್‌ನಲ್ಲಿ ಕೆಲಸದಲ್ಲಿದ್ದ ಚಿನ್ನಸ್ವಾಮಿ ಮುದಲಿಯಾರರಿಗೆ ಈ ಕೊರತೆ ಸಂಕಟವಾಗಿ ಕಾಡಿತು. ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ಟಾಫ್ ನೊಟೇಶನ್‌ನಲ್ಲಿ ಬರೆಸಿ, ಕಂತುಕಂತಾಗಿ ಪ್ರಕಟಿಸಲು ಹೊರಟರು. ಕೈಯಲ್ಲಿದ್ದ ಹಣ ಕರಗಿತು, ಕಣ್ಣಿನ ದೃಷ್ಟಿ ಕುಂದಿತು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ಶುದ್ಧ ಪಾಠ ಬೇಕೆಂದು ಅವರು ಹಿಡಿದದ್ದು ಸುಬ್ಬರಾಮ ದೀಕ್ಷಿತರನ್ನು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ದತ್ತು ತೆಗೆದುಕೊಂಡ, ಅವರದೇ ಮಗಳ ಮಗ ಇವರು; ಎಟ್ಟಯಪುರದ ಆಸ್ಥಾನ ವಿದ್ವಾಂಸರು. ತಾನು ಇನ್ನು ಮುಗಿಸಲಾರೆ ಎಂದು ಕಂಡಾಗ ಮುದಲಿಯಾರರು 1899ರಲ್ಲಿ ಎಟ್ಟಯಪುರದ ದೊರೆಯ ಮುಂದೆಯೇ ಬೇಡಿಕೆ ಇಟ್ಟರು: ಈ ಹಿರಿಯರಲ್ಲಿರುವುದನ್ನೆಲ್ಲ ಬರೆಸಿ ಅಚ್ಚು ಹಾಕಿಸಬೇಕು. ಆಗ ದೀಕ್ಷಿತರಿಗೆ ಅರವತ್ತು. ತಮಗಾಗಿ ಏನನ್ನೂ ಕೇಳದ ಆ ಬೇಡಿಕೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಹೀಗೆ ಹುಟ್ಟಿದ ‘ಪ್ರದರ್ಶಿನಿ’ಯಲ್ಲಿ ದೀಕ್ಷಿತರು ಮನೆತನದ ವಿದ್ಯೆಯನ್ನು ಸುರಿದುಕೊಟ್ಟರು. 72 ಮೇಳಗಳ ಕ್ರಮದಲ್ಲಿ ಒಂದೊಂದು ರಾಗಕ್ಕೂ ಲಕ್ಷಣ, ಗೀತ, ತಾನ, ಕೃತಿ. ಕೊನೆಯಲ್ಲಿ ತಾವೇ ರಚಿಸಿದ ಸಂಚಾರಿ. ಸ್ವರಾಕ್ಷರದ ತಲೆಯ ಮೇಲೆ ಗಮಕದ ಗುರುತುಗಳು: ಕಂಪಿತಕ್ಕೆ ಅಲೆಯ ಗೆರೆ, ಸ್ಫುರಿತಕ್ಕೆ ಮೂರು ಚುಕ್ಕಿ, ಜಾರಿಗೆ ಓರೆಗೆರೆ. ನೊಕ್ಕು, ರವೆ, ವಳಿ, ಒದುಕ್ಕಲ್ ಎಂದು ಇನ್ನೂ ಹಲವು. ಇವುಗಳ ವಿವರಣೆ ವೀಣೆಯ ಮೆಟ್ಟಿಲನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದದ್ದು. ಹಾಗಾಗಿ ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಓದಿದರೆ ಅರ್ಧ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅದೇ 1904ರಲ್ಲಿ ಹಿಂದೂಸ್ತಾನಿ ಸಂಗೀತದ ವಿದ್ವಾಂಸರಾದ ಭಾತಖಂಡೆಯವರು ದಕ್ಷಿಣದ ಪ್ರವಾಸದಲ್ಲಿ ಎಟ್ಟಯಪುರಕ್ಕೆ ಬಂದು ದೀಕ್ಷಿತರನ್ನು ಕಂಡರು. ಅಲ್ಲಿ ದೀಕ್ಷಿತರಿಂದ ದೊರೆತ, ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕೆ’ಯ ಮೇಳವಿಚಾರ ಮುಂದೆ ಅವರ ಹತ್ತು ಥಾಟುಗಳ ಚಿಂತನೆಗೆ ಒದಗಿತು. ಧಾರವಾಡದ ಕಡೆ ಹಿಂದೂಸ್ತಾನಿ ಕಲಿಯುವವರು ಥಾಟು ಎಂದಾಗ ಈ ನಂಟು ನೆನಪಿರಲಿ ಎನ್ನಿಸುತ್ತದೆ. ವೆಂಕಟಮಖಿಯ ತಂದೆ, ತಂಜಾವೂರಿನ ನಾಯಕರ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮೂಲದವರು.

ತೆಲುಗು ಲಿಪಿ ಎಂದು ಹಿಂಜರಿಯುವವರಿಗೆ ನನ್ನ ಮಾತು ಇಷ್ಟೇ: ಕನ್ನಡ ಓದಬಲ್ಲವರಿಗೆ ಅದು ಕೆಲವೇ ದಿನಗಳ ಕೆಲಸ. ತಲೆಕಟ್ಟು ಬೇರೆ, ಕೆಲವು ಅಕ್ಷರ ಬೇರೆ, ಉಳಿದವು ಗುರುತು ಸಿಗುತ್ತವೆ. ಪುರಂದರದಾಸರ ಹೆಸರಿನ ಸುಳಾದಿಗಳೂ ಅದರಲ್ಲಿವೆ. ಆ ಲಿಪಿಯೊಳಗಿಂದ ನಮ್ಮ ಕನ್ನಡ ಕೇಳಿಬಂದಾಗ ಆಗುವ ಸಂತೋಷವೇ ಬೇರೆ.

ಹೊಸಬರಿಗೆಂದು ದೀಕ್ಷಿತರು 1905ರಲ್ಲಿ ‘ಪ್ರಥಮಾಭ್ಯಾಸ ಪುಸ್ತಕ’ವನ್ನೂ ತಂದರು, ಮರುವರ್ಷ ತೀರಿಕೊಂಡರು. ದೊಡ್ಡ ಗ್ರಂಥವನ್ನು ಮೊದಲ ಪುಟದಿಂದ ಓದಬೇಡಿ. ಹದಿನೈದನೆಯ ಮೇಳ ಮಾಯಾಮಾಳವಗೌಳವನ್ನು ತೆಗೆಯಿರಿ. ಸರಳೆ, ಜಂಟಿ ನುಡಿಸಿ ಆ ಸ್ವರಗಳು ಈಗಾಗಲೇ ಬೆರಳಿಗೆ ಬಂದಿವೆ. ಮೊದಲು ಗೀತವನ್ನು ನಿಧಾನವಾಗಿ ನುಡಿಸಿ, ಆಮೇಲೆ ‘ಶ್ರೀನಾಥಾದಿ’ ಕೃತಿಗೆ ಹೋಗಿ. ಯಾವ ಸ್ವರದ ಮೇಲೆ ಯಾವ ಗುರುತು ಇದೆಯೆಂದು ಪೆನ್ಸಿಲಿನಲ್ಲಿ ಬರೆದಿಟ್ಟು, ಮುಂದಿನ ಪಾಠಕ್ಕೆ ಬರುವಾಗ ಆ ಹಾಳೆ ತನ್ನಿ.